ಇಮೇಲ್ ಮರೆಮಾಡುವ ಫಂಕ್ಷನ್: ಲಾಗ್‌ನಲ್ಲಿ ಒಮ್ಮೊಮ್ಮೆ ಪೂರ್ತಿ ವಿಳಾಸ ಕಾಣುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಲೈಬ್ರರಿಗೆ ಪೈಥಾನ್‌ನಲ್ಲಿ ಒಂದು ಚಿಕ್ಕ ಪ್ರೋಗ್ರಾಂ ಬರೆದಿದ್ದೇನೆ. ಸ್ಪ್ರೆಡ್‌ಶೀಟ್‌ನಲ್ಲಿರುವ ವಿಳಾಸ ನೋಡಿ, ಪುಸ್ತಕ ವಾಪಸ್ ಕೊಡಿ ಅಂತ ಸದಸ್ಯರಿಗೆ ಮೇಲ್ ಕಳಿಸುತ್ತದೆ. ಲಾಗ್‌ನಲ್ಲಿ (ಪ್ರೋಗ್ರಾಂ ಮಾಡಿದ್ದನ್ನೆಲ್ಲ ಬರೆದಿಡುವ ಫೈಲ್‌ನಲ್ಲಿ) ಯಾರ ವಿಳಾಸವೂ ಪೂರ್ತಿ ಕಾಣಬಾರದು ಅಂತ ಒಂದು ಫಂಕ್ಷನ್ ಇಟ್ಟಿದ್ದೇನೆ.

ಅದು ವಿಳಾಸವನ್ನು @ ಇರುವ ಕಡೆ ಸ್ಪ್ಲಿಟ್ ಮಾಡಿ ಎರಡು ವೇರಿಯಬಲ್‌ಗೆ ಹಾಕುತ್ತದೆ. ಹೆಸರಿನ ಮೊದಲ ಮತ್ತು ಕೊನೆಯ ಅಕ್ಷರ ಉಳಿಸುತ್ತದೆ. ನಡುವೆ, ಹೆಸರಿನ ಉದ್ದದಲ್ಲಿ ಎರಡು ಕಳೆದಷ್ಟು ನಕ್ಷತ್ರ. ಆಮೇಲೆ ಡೊಮೈನ್, ಅಂದರೆ @ ನಂತರದ ಭಾಗ. ಪ್ರೋಗ್ರಾಂ ನಿಲ್ಲಬಾರದು ಅಂತ ಎಲ್ಲವನ್ನೂ ಟ್ರೈ ಒಳಗೆ ಇಟ್ಟು, ಎಕ್ಸೆಪ್ಟ್‌ನಲ್ಲಿ (ಎರರ್ ಬಂದಾಗ ಓಡುವ ಭಾಗದಲ್ಲಿ) ಬಂದ ವಿಳಾಸವನ್ನೇ ರಿಟರ್ನ್ ಮಾಡಿದ್ದೇನೆ.

ನಿನ್ನೆ ಲಾಗ್ ನೋಡಿದರೆ ಮೂರು ಕಡೆ ಪೂರ್ತಿ ವಿಳಾಸ ಇದೆ. ಎರರ್ ಏನೂ ಇಲ್ಲ. ಎಲ್ಲಿ ತಪ್ಪಿದೆ?

ಉತ್ತರ:
ತಪ್ಪು ಆ ಎಕ್ಸೆಪ್ಟ್ ಸಾಲಿನಲ್ಲೇ ಇದೆ. ಮುಚ್ಚಿಡಬೇಕಾದ ಫಂಕ್ಷನ್ ಎಡವಿದಾಗಲೆಲ್ಲ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಡುತ್ತಿದೆ. ಅಲ್ಲಿ ಬರೀ ಮೂರು ನಕ್ಷತ್ರ ರಿಟರ್ನ್ ಮಾಡಿ.

ಯಾಕೆ ಎಡವಿತು ಅಂತ ತಿಳಿಯಲು ಆ ಮೂರು ಸದಸ್ಯರ ಸೆಲ್ ತೆಗೆದು ನೋಡಿ. ಕಾಮಾ ಹಾಕಿ ಎರಡು ವಿಳಾಸ ಬರೆದಿದ್ದರೆ @ ಎರಡು ಸಲ ಬರುತ್ತದೆ. ಸ್ಪ್ಲಿಟ್ ಮೂರು ತುಂಡು ಕೊಡುತ್ತದೆ, ನಿಮ್ಮ ಹತ್ತಿರ ವೇರಿಯಬಲ್ ಎರಡೇ. ವ್ಯಾಲ್ಯೂಎರರ್ ಬಂದಿರುತ್ತದೆ, ಎಕ್ಸೆಪ್ಟ್ ಅದನ್ನು ನುಂಗಿರುತ್ತದೆ.

ಇನ್ನೊಂದು ತೊಂದರೆಯೂ ಇದೆ. ಹೆಸರು ಎರಡೇ ಅಕ್ಷರ ಇದ್ದರೆ ನಕ್ಷತ್ರ ಸೊನ್ನೆ, ಹೆಸರು ಪೂರ್ತಿ ಬಯಲು. ಒಂದೇ ಅಕ್ಷರ ಇದ್ದರೆ ಅದೇ ಅಕ್ಷರ ಎರಡು ಸಲ ಬರುತ್ತದೆ. ನಕ್ಷತ್ರಗಳ ಸಂಖ್ಯೆ ಮೈನಸ್ ಆದರೆ ಪೈಥಾನ್ ಸುಮ್ನೆ ಖಾಲಿ ಸ್ಟ್ರಿಂಗ್ ಕೊಡುತ್ತದೆ, ದೂರುವುದಿಲ್ಲ.

ಸ್ಪ್ಲಿಟ್ ಬದಲು ಆರ್‌ಪಾರ್ಟಿಷನ್ ಬಳಸಿ, ಅದು ಕೊನೆಯ @ ಹತ್ತಿರ ಮಾತ್ರ ಕತ್ತರಿಸಿ ಹೆಸರು, @, ಡೊಮೈನ್ ಅಂತ ಮೂರು ತುಂಡು ಕೊಡುತ್ತದೆ. ಆದರೆ ಹುಷಾರು: @ ಇಲ್ಲವೇ ಇಲ್ಲದಿದ್ದರೆ ಇಡೀ ಪಠ್ಯ ಡೊಮೈನ್ ಜಾಗಕ್ಕೆ ಬಂದು ಕೂರುತ್ತದೆ. ನಡುವಿನ ತುಂಡು ಖಾಲಿಯಾ ಅಂತ ಮೊದಲು ನೋಡಿ, ಖಾಲಿ ಇದ್ದರೆ ನಕ್ಷತ್ರ ಕೊಟ್ಟು ಮುಗಿಸಿ. ನಕ್ಷತ್ರ ಯಾವಾಗಲೂ ಮೂರೇ ಇರಲಿ. ಇಲ್ಲದಿದ್ದರೆ ಹೆಸರು ಎಷ್ಟು ಉದ್ದ ಅಂತ ಎಣಿಸಬಹುದು, ಅಲ್ವಾ?

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಮೂರೂ ಕಡೆ ಗಂಡ ಹೆಂಡತಿ ಇಬ್ಬರ ವಿಳಾಸ ಒಂದೇ ಸೆಲ್‌ನಲ್ಲಿತ್ತು. ಮೇಲ್ ಇಬ್ಬರಿಗೂ ಸರಿಯಾಗಿ ಹೋಗುತ್ತಿದ್ದರಿಂದ ಗೊತ್ತೇ ಆಗಿರಲಿಲ್ಲ. ನೀವು ಹೇಳಿದ ಹಾಗೆ ಬದಲಿಸಿದೆ. ಈಗ ಕನ್ನಡ ಲಿಪಿಯ ವಿಳಾಸ ಹಾಕಿ ನೋಡಿದೆ. ‘ಶ್ರೀನಿಧಿ’ ಅಂತ ಕೊಟ್ಟರೆ ಕೊನೆಯಲ್ಲಿ ಚುಕ್ಕೆಚುಕ್ಕೆ ವೃತ್ತ ಬರುತ್ತಿದೆ.

ಇನ್ನೊಬ್ಬರ ಉತ್ತರ:
ಒಳ್ಳೆಯ ಪರೀಕ್ಷೆ ಮಾಡಿದ್ದೀರಿ. 2012ರ ಆರ್‌ಎಫ್‌ಸಿ 6531 (ಇಮೇಲ್‌ನ ಒಂದು ತಾಂತ್ರಿಕ ಮಾನದಂಡ) ಬಂದ ಮೇಲೆ @ ಎಡಗಡೆಯೂ ಕನ್ನಡ ಇರಬಹುದು, ಹಾಗಾಗಿ ಇದನ್ನು ಬಿಡುವ ಹಾಗಿಲ್ಲ.

‘ಶ್ರೀನಿಧಿ’ ನಮಗೆ ಮೂರು ಅಕ್ಷರ, ಪೈಥಾನ್‌ಗೆ ಎಂಟು. ಶ, ಹಲಂತ, ರ, ಗುಡಿಸಿನ ದೀರ್ಘ, ನ, ಗುಡಿಸು, ಧ, ಗುಡಿಸು. ಕೊನೆಯದು ಅಂತ ಕೇಳಿದರೆ ‘ಧಿ’ ಬರುವುದಿಲ್ಲ, ಒಂಟಿ ಗುಡಿಸು ಬರುತ್ತದೆ. ಕೂರಲು ವ್ಯಂಜನ ಇಲ್ಲದ್ದಕ್ಕೆ ಆ ವೃತ್ತ.

ಕೊನೆಯ ಅಕ್ಷರ ತೋರಿಸುವುದನ್ನೇ ಬಿಟ್ಟುಬಿಡಿ. ಮೊದಲಿನದು ಬರೀ ‘ಶ’ ಬಂದರೂ ಸಾಕು, ಲಾಗ್ ಓದುವವರಿಗೆ ಅಷ್ಟೇ ಸುಳಿವು ಬೇಕಾಗಿರುವುದು. ಉದ್ದ ಮೂರಕ್ಕಿಂತ ಕಡಿಮೆ ಇದ್ದರೆ ಅದೂ ಬೇಡ.

ಹಳೆಯ ಲಾಗ್ ಫೈಲ್‌ಗಳಲ್ಲಿ ಆ ಮೂರು ವಿಳಾಸ ಇನ್ನೂ ಇರುತ್ತವೆ. ಬ್ಯಾಕಪ್‌ನಲ್ಲೂ ನೋಡಿ ಅಳಿಸಿ.

ಪ್ರಶ್ನೆ ಕೇಳಿದವರು:
ಬ್ಯಾಕಪ್ ನೆನಪೇ ಆಗಿರಲಿಲ್ಲ. ಎರಡು ಫೈಲ್ ಸಿಕ್ಕಿತು, ಅಳಿಸಿದೆ.