ಎರಡು ವರ್ಷ ಆಡಿದರೂ ಆಟದ ಲೋಕದಲ್ಲಿ ಕಳೆದದ್ದು 61 ದಿನ: ಪಾತ್ರಗಳಿಗೆ ವಯಸ್ಸಾಗುವುದು ಹೇಗೆ?

ಹೇಮಾವತಿತೀರ, ಹಾಸನ:

ಮಾನ್ಯರೇ, ನಾವು ಐದು ಜನ ಎರಡು ವಾರಕ್ಕೊಮ್ಮೆ ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಮಹಡಿಯಲ್ಲಿ ಸೇರಿ, ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸಿ ದಾಳ ಹಾಕುತ್ತಾ ಕಥೆ ಬೆಳೆಸುವ ಮೇಜಿನ ಆಟವಾದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯನ್ನು ಆಡುತ್ತೇವೆ. ಆಟ ನಡೆಸುವ ಡಿಎಂ ಹೊಣೆ ನನ್ನದು. ಕಳೆದ ವಾರ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಹರಡಿಕೊಂಡು ಲೆಕ್ಕ ಹಾಕಿದಾಗ ನನಗೇ ನಗು ಬಂದಿತು. ಆಡಲು ತೊಡಗಿ ಎರಡು ವರ್ಷದ ಮೇಲಾಗಿದೆ, ಆದರೆ ಆಟದ ಲೋಕದಲ್ಲಿ ಕಳೆದಿರುವುದು 61 ದಿನ ಮಾತ್ರ. ಗುರುವಿನ ಮನೆಯಿಂದ ಆಗತಾನೇ ಹೊರಬಿದ್ದು, ದೀಪ ಹೊತ್ತಿಸುವ ಮಂತ್ರವನ್ನೂ ತಡವರಿಸಿ ಹೇಳುತ್ತಿದ್ದ ಹತ್ತೊಂಬತ್ತರ ಹುಡುಗಿ ಇಷ್ಟರಲ್ಲೇ ಒಂಬತ್ತನೆಯ ಲೆವೆಲ್ಲಿಗೆ ಏರಿ, ಗುರುವಿಗೇ ಪಾಠ ಹೇಳುವ ಮಾಂತ್ರಿಕಳಾಗಿದ್ದಾಳೆ.

ಕಾರಣ ತಿಳಿಯದ್ದೇನಲ್ಲ. ಕಾಳಗದ ಒಂದು ಸುತ್ತು ಆರು ಸೆಕೆಂಡು; ಹತ್ತು ಸುತ್ತಿನ ಕಾಳಗವೆಂದರೆ ಒಂದೇ ನಿಮಿಷ, ಅದನ್ನು ಆಡಿ ಮುಗಿಸಲು ನಮಗೆ ಎರಡು ಗಂಟೆ ಬೇಕು. ಎಂಟು ಗಂಟೆ ಮಲಗೆದ್ದರೆ ಗಾಯಗಳೆಲ್ಲ ಮಾಯುವುದರಿಂದ ಯಾರೂ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವ ಪ್ರಮೇಯವೇ ಇಲ್ಲ, ಬೆಳಗಾದರೆ ಮುಂದಿನ ಗುಹೆಗೆ ಹೊರಡುವುದೇ. ನಮ್ಮ ತಂಡದಲ್ಲಿ 140 ವರ್ಷದ ಎಲ್ಫ್ (ಮನುಷ್ಯರನ್ನು ಹೋಲುವ, ಕಲ್ಪನೆಯ ದೀರ್ಘಾಯು ಜಾತಿ) ಒಬ್ಬಳಿದ್ದಾಳೆ. ಅವಳ ಜಾತಿಯವರು 750 ವರ್ಷದವರೆಗೆ ಬದುಕಬಲ್ಲರು. 46 ವರ್ಷದ ಮನುಷ್ಯ ಯೋಧನೊಬ್ಬನಿದ್ದಾನೆ. ಅವನನ್ನು ಆಡುವ ಗೆಳೆಯರು ಮೊನ್ನೆ, ‘ನನ್ನವನಿಗೆ ಮುಪ್ಪು ಬರುವುದು ಯಾವಾಗ?’ ಎಂದು ಕೇಳಿದರು. ಅದು ದೂರಲ್ಲ, ಅವರಿಗೆ ಮುಪ್ಪು ನಿಜವಾಗಿಯೂ ಬೇಕಾಗಿದೆ. ಕಥೆ ಕೆಡದಂತೆ ವರ್ಷಗಳನ್ನು ಉರುಳಿಸುವುದು ಹೇಗೆ, ಮತ್ತು ವಯಸ್ಸಾದಂತೆ ಪಾತ್ರದ ಶಕ್ತಿಯ ಅಂಕಿಗಳನ್ನು ಇಳಿಸಬೇಕೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಗಿರಿಸೀಮೆ, ಚಿಕ್ಕಮಗಳೂರು:

ನನ್ನ ಅನುಭವದಲ್ಲಿ ವಯಸ್ಸು ಕಾಣಿಸಿಕೊಳ್ಳುವುದು ಒಂದು ಸಾಹಸಕ್ಕೂ ಮತ್ತೊಂದಕ್ಕೂ ನಡುವಿನ ಬಿಡುವಿನಲ್ಲಿ. ನೀವು ಆ ಬಿಡುವನ್ನೇ ಕೊಟ್ಟಿಲ್ಲ. ಗ್ರೆಗ್ ಸ್ಟಾಫರ್ಡ್ 1985ರಲ್ಲಿ ಹೊರತಂದ ಪೆಂಡ್ರಾಗನ್ ಎಂಬ ಆಟದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಸಾಹಸ. ಅದು ಮುಗಿದ ಮೇಲೆ ಚಳಿಗಾಲದ ಹಂತವೊಂದು ಬರುತ್ತದೆ. ಆಗ ಜಹಗೀರಿನ ಆದಾಯ, ಮದುವೆ, ಹುಟ್ಟಿದ ಮಕ್ಕಳು, ಕುದುರೆ ಬದುಕಿತೇ ಸತ್ತಿತೇ ಎಂಬುದರವರೆಗೆ ಎಲ್ಲಕ್ಕೂ ದಾಳ ಹಾಕುತ್ತಾರೆ, ಮೂವತ್ತೈದು ದಾಟಿದವರು ಮುಪ್ಪಿಗೂ ಹಾಕುತ್ತಾರೆ. ತಾನು ಆಡುತ್ತಿದ್ದ ನೈಟ್ (ಕುದುರೆ ಸವಾರ ಯೋಧ) ಸತ್ತರೆ ಆಟಗಾರ ಅವನ ಮಗನನ್ನು ಆಡುತ್ತಾನೆ.

ನಮ್ಮ ತಂಡದಲ್ಲಿ ಹಿಮ ಬೀಳುವ ಚಳಿಗಾಲವನ್ನು ಕಲ್ಪಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ, ಹಾಗಾಗಿ ಅದನ್ನು ಮಳೆಗಾಲವಾಗಿ ಬದಲಿಸಿದೆವು. ಆರಿದ್ರಾ ಮಳೆ ಹಿಡಿದ ಮೇಲೆ ಹಳ್ಳಗಳು ತುಂಬಿ, ಕಾಡುದಾರಿ ಜಾರಿ, ಪುಷ್ಯ, ಆಶ್ಲೇಷ ಕಳೆಯುವವರೆಗೆ ನಮ್ಮ ಆಟದ ಲೋಕದಲ್ಲಿ ಯಾವ ಸಾಹಸಿಯೂ ಹೊಸ್ತಿಲು ದಾಟುವುದಿಲ್ಲ. (ಮಲೆನಾಡಿನವರಿಗೆ ಈ ನಿಯಮವನ್ನು ಬಿಡಿಸಿ ಹೇಳಬೇಕಾಗಲಿಲ್ಲ.) ಆ ಮಳೆಗಾಲದಲ್ಲಿ ಎಲ್ಲಿ ಉಳಿದಿದ್ದೆ, ಏನು ಸಂಪಾದಿಸಿದೆ, ಯಾರನ್ನು ಕಳೆದುಕೊಂಡೆ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಬ್ಬ ಆಟಗಾರನೂ ಉತ್ತರ ಹೇಳಬೇಕು. ಮೇಜಿನ ಮೇಲೆ ಇದಕ್ಕೆ ಅರ್ಧ ಗಂಟೆ ಸಾಕು. ನಾಲ್ಕು ವರ್ಷ ಆಡಿದ ನಮಗೆ ಆಟದಲ್ಲಿ ಹನ್ನೊಂದು ವರ್ಷ ಕಳೆದಿವೆ. ಮೊದಲ ವರ್ಷ ಕಳ್ಳರ ಕೈಯಿಂದ ಬಿಡಿಸಿ ತಂದಿದ್ದ ಕಮ್ಮಾರನ ಆರು ವರ್ಷದ ಮಗ ಇತ್ತೀಚೆಗೆ ಹದಿನೇಳರ ಯುವಕನಾಗಿ ಬಂದು, ತಾನೇ ಹೊಡೆದ ಕತ್ತಿಯನ್ನು ಮುಂದಿಟ್ಟು, ‘ನನ್ನನ್ನೂ ಕರೆದುಕೊಂಡು ಹೋಗಿ’ ಎಂದಾಗ ಸ್ವಲ್ಪ ಹೊತ್ತು ಯಾರೂ ದಾಳ ಮುಟ್ಟಲಿಲ್ಲ. ನಮ್ಮ ಪಾತ್ರಗಳಿಗೆ ವಯಸ್ಸಾಗಿದೆ ಎಂಬುದು ಎಲ್ಲರಿಗೂ ಹೊಳೆದದ್ದು ಆಗಲೇ. ಅಂಕಿ ಇಳಿಸುವ ಗೋಜಿಗೆ ನಾವು ಹೋಗಿಲ್ಲ, ನೀವೂ ಹೋಗಬೇಡಿ.

ಹಳೆದಾಳ, ಬೇಲೂರು:

ಗಿರಿಸೀಮೆಯವರ ಮಳೆಗಾಲ ಸೊಗಸಾಗಿದೆ, ಆದರೆ ಅಂಕಿಯ ವಿಷಯವನ್ನು ಅವರು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ಸರಿಯಲ್ಲ. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂರನೆಯ ಆವೃತ್ತಿಯಲ್ಲಿ ಮನುಷ್ಯರಿಗೆ 35, 53 ಮತ್ತು 70ನೆಯ ವಯಸ್ಸಿನಲ್ಲಿ ಶಕ್ತಿ, ಚುರುಕು, ದೇಹದಾರ್ಢ್ಯ ಕ್ರಮವಾಗಿ ಒಂದು, ಎರಡು, ಮೂರರಂತೆ ಇಳಿಯುತ್ತಿದ್ದವು. ಬುದ್ಧಿ, ವಿವೇಕ, ವರ್ಚಸ್ಸು ಪ್ರತಿ ಸಲವೂ ಒಂದೊಂದು ಏರುತ್ತಿದ್ದವು. ಇದರಲ್ಲಿದ್ದ ತೊಡಕೆಂದರೆ, ಕತ್ತಿ ಹಿಡಿಯುವವನಿಗೆ ಮುಪ್ಪು ಶಿಕ್ಷೆಯಾದರೆ ಮಂತ್ರ ಹೇಳುವವನಿಗೆ ಅದು ಬಹುಮಾನವಾಯಿತು. ನಮ್ಮ ಗುಂಪಿನಲ್ಲೇ ಎಪ್ಪತ್ತು ದಾಟಿದ ಮಾಂತ್ರಿಕನನ್ನು ಹೊಸದಾಗಿ ಸೃಷ್ಟಿಸಿಕೊಂಡು ಬಂದ ಮಹಾನುಭಾವರಿದ್ದರು. ಐದನೆಯ ಆವೃತ್ತಿಯಲ್ಲಿ ಈ ಪಟ್ಟಿ ಇಲ್ಲದಿರುವುದು ಒಳ್ಳೆಯದೇ ಆಯಿತೆಂದು ನಾನೂ ಒಪ್ಪುತ್ತೇನೆ.

ಆದರೆ ಹಳೆಯ ಆಟದಲ್ಲಿ ವಯಸ್ಸು ತೆರಬೇಕಾದ ಬೆಲೆಯಾಗಿತ್ತು, ಅದನ್ನು ಬಿಟ್ಟುಕೊಡಬಾರದು. ವೇಗ ಹೆಚ್ಚಿಸುವ ಹೇಸ್ಟ್ ಮಂತ್ರವನ್ನು ಯಾರ ಮೇಲೆ ಹಾಕುತ್ತಿದ್ದರೋ ಅವರ ಆಯುಸ್ಸಿನಲ್ಲಿ ಒಂದು ವರ್ಷ ಹೋಗುತ್ತಿತ್ತು, ಆದ್ದರಿಂದ ಜನ ಹಿಂದೆಮುಂದೆ ನೋಡುತ್ತಿದ್ದರು. ಐದನೆಯ ಆವೃತ್ತಿಯ 2014ರ ನಿಯಮಗಳಲ್ಲೂ ದೆವ್ವದ ಭೀಕರ ಮುಖ ನೋಡಿ ತೀರಾ ಬೆದರಿದವರಿಗೆ ಹತ್ತರಿಂದ ನಲವತ್ತು ವರ್ಷ ಒಮ್ಮೆಲೇ ಕೂಡಿಕೊಳ್ಳುತ್ತಿತ್ತು. ನಲವತ್ತು ಬಿದ್ದರೆ ನಿಮ್ಮ ಯೋಧ 86ರ ಮುದುಕನಾಗುತ್ತಾನೆ, ಎಲ್ಫ್‌ಗೆ ಕೂದಲೂ ಕೊಂಕದು! ಈ ಅನ್ಯಾಯ ಬೇಡವೆಂದರೆ ವರ್ಷದ ಬದಲು ಆಯಸ್ಸಿನ ಪಾಲನ್ನು ಕಳೆಯಿರಿ: ನೂರಕ್ಕೆ ಹತ್ತು ಪಾಲೆಂದರೆ ಮನುಷ್ಯನಿಗೆ ಎಂಟು ವರ್ಷವಾದೀತು, ಎಲ್ಫ್‌ಗೆ 75.

ಇನ್ನೊಂದು ಮಾತು. 1979ರ ಡಿಎಂ ಕೈಪಿಡಿಯಲ್ಲಿ ಈ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಆಟ ನಡೆಯದ ದಿನಗಳಲ್ಲಿ ಇಲ್ಲಿನ ಒಂದು ದಿನವನ್ನು ಅಲ್ಲಿನ ಒಂದು ದಿನವೆಂದು ಎಣಿಸಲು ಸಲಹೆ ಕೊಟ್ಟಿದ್ದರು. ಆ ಲೆಕ್ಕ ಹಿಡಿದಿದ್ದರೆ ನಿಮ್ಮ ಹುಡುಗಿಗೆ ಈಗಾಗಲೇ ಇಪ್ಪತ್ತೊಂದು ತುಂಬಿರುತ್ತಿತ್ತು.

ಕುರಿಂಜಿ, ಮೂಡಿಗೆರೆ:

ಎಲ್ಫ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಮೂರು ವರ್ಷದಿಂದ ಎಲ್ಫ್ ಪಾತ್ರವನ್ನೇ ಆಡುತ್ತಿದ್ದೇನೆ, ಮತ್ತು ಅವಳ ಕಾಲವನ್ನು ವರ್ಷಗಳಲ್ಲಿ ಎಣಿಸುವುದನ್ನು ಬಿಟ್ಟಿದ್ದೇನೆ. 2022ರಲ್ಲಿ ನಮ್ಮ ಚಂದ್ರದ್ರೋಣದ ಬೆಟ್ಟಗಳಲ್ಲಿ ಕುರಿಂಜಿ ಅರಳಿದ್ದನ್ನು ನೋಡಲು ಹೋದಾಗ, ಹನ್ನೆರಡು ವರ್ಷಕ್ಕೊಮ್ಮೆ ಬರುವ ಈ ಹೂವನ್ನು ಮನುಷ್ಯರು ಬಾಳಿನಲ್ಲಿ ಐದಾರು ಸಲ ನೋಡಿದರೆ ಹೆಚ್ಚು, 750 ವರ್ಷದ ಎಲ್ಫ್ ಅರವತ್ತೆರಡು ಸಲ ನೋಡುತ್ತಾಳೆ ಎಂಬ ಯೋಚನೆ ಬಂದಿತು. ಅಂದಿನಿಂದ ನನ್ನ ಪಾತ್ರ ‘ಏಳು ಹೂವಿನ ಹಿಂದೆ’ ಎಂದೇ ಮಾತನಾಡುತ್ತಾಳೆ. ಅವಳ ವಿವರ ಬರೆದಿಡುವ ಶೀಟಿನ ಹಿಂಬದಿಯಲ್ಲಿ ತೀರಿಕೊಂಡ ಮನುಷ್ಯ ಗೆಳೆಯರ ಹೆಸರುಗಳಿವೆ, ಅಜ್ಜನನ್ನೂ ಮೊಮ್ಮಗನನ್ನೂ ಒಮ್ಮೊಮ್ಮೆ ಒಂದೇ ಹೆಸರಿನಿಂದ ಕರೆದುಬಿಡುತ್ತಾಳೆ.

ಒಮ್ಮೆಗೇ ದೊಡ್ಡ ಜಿಗಿತ ಬೇಕಾದರೆ ಹಳೆಯ ದಾರಿಯೊಂದಿದೆ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮನ ಸಭೆಗೆ ಹೋದ ರೈವತ ರಾಜ, ಅಲ್ಲಿ ನಡೆಯುತ್ತಿದ್ದ ಗಾಯನ ಮುಗಿಯಲೆಂದು ಕಾದು ನಿಂತ ಅಷ್ಟೇ ಹೊತ್ತಿನಲ್ಲಿ ಭೂಮಿಯ ಮೇಲೆ 27 ಚತುರ್ಯುಗಗಳು ಕಳೆದಿದ್ದವು. ನಿಮ್ಮ ತಂಡವನ್ನು ಯಕ್ಷರ ಲೋಕದ ಒಂದು ಹಬ್ಬಕ್ಕೆ ಕರೆಸಿದರೆ ಸಾಕು.

ಹೇಮಾವತಿತೀರ, ಹಾಸನ:

ಎಲ್ಲರಿಗೂ ಧನ್ಯವಾದಗಳು. ಯಕ್ಷರ ಹಬ್ಬವನ್ನು ಸದ್ಯಕ್ಕೆ ಎತ್ತಿಡುತ್ತೇನೆ. ಯೋಧನ ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ, ಅವನನ್ನು ಅಷ್ಟು ನಿಷ್ಕರುಣೆಯಿಂದ ನಡೆಸಿಕೊಳ್ಳಲಾರೆ. ಬರುವ ಭಾನುವಾರ ಮೂರು ಮಳೆಗಾಲಗಳನ್ನು ಒಟ್ಟಿಗೇ ಕಳೆಯುತ್ತೇವೆ. ಯೋಧನಿಗೆ 49 ಆಗುತ್ತದೆ, ಹುಡುಗಿ ಗುರುವಿನ ಶಾಲೆಗೆ ಹಿಂತಿರುಗಿ ಕಲಿತದ್ದನ್ನು ಅರಗಿಸಿಕೊಳ್ಳುತ್ತಾಳೆ. ದೆವ್ವಕ್ಕೆ ಹಳೆದಾಳದವರ ಪಾಲಿನ ಲೆಕ್ಕವೇ ಇರಲಿ. ಒಂದು ಸಂದೇಹ ಮಾತ್ರ ಉಳಿದಿದೆ: ನಾವು ಅರ್ಧಕ್ಕೆ ಬಿಟ್ಟುಬಂದ ಖಳ ಆ ಮೂರು ವರ್ಷ ಸುಮ್ಮನೆ ಕೂತಿರುತ್ತಾನೆಯೇ?

ಗಿರಿಸೀಮೆ, ಚಿಕ್ಕಮಗಳೂರು:

ಖಂಡಿತ ಕೂತಿರುವುದಿಲ್ಲ. ಅದೇ ಮೂರು ಪ್ರಶ್ನೆಗಳನ್ನು ಅವನಿಗೂ ಕೇಳಿ, ವರ್ಷಕ್ಕೊಂದರಂತೆ ಉತ್ತರ ಬರೆದಿಟ್ಟುಕೊಳ್ಳಿ, ಆಟಗಾರರಿಗೆ ತೋರಿಸಬೇಡಿ. ನಮ್ಮ ಖಳ ಎರಡನೆಯ ಮಳೆಗಾಲದಲ್ಲಿ ಮದುವೆಯಾಗಿಬಿಟ್ಟ. ಅದರಿಂದಾದ ಫಜೀತಿಯನ್ನು ಇನ್ನೊಮ್ಮೆ ಬರೆಯುತ್ತೇನೆ.