ಒಂದೇ ಮರದ ಬೀಜ, ಎರಡು ಬಗೆಯ ಸಸಿ: ಈ ನೀಲಗಿರಿ ಯಾವ ಪ್ರಭೇದ?

ಪ್ರಶ್ನೆ:
ಚಿಂತಾಮಣಿ ಬಳಿಯ ನಮ್ಮ ಹಳೆಯ ನೀಲಗಿರಿ ತೋಪಿನಲ್ಲಿ ಒಂದೇ ಮರದಿಂದ ತೆಗೆದ ಬೀಜ ಬಿತ್ತಿದಾಗ, ಕೆಲವು ಸಸಿಗಳ ಎಲೆ ದುಂಡಗೆ ಅಗಲವಾಗಿ, ಮತ್ತೆ ಕೆಲವದರದು ಈಟಿಯಂತೆ ಕಿರಿದಾಗಿ ಬಂದಿವೆ. ಹೂಮೊಗ್ಗನ್ನು ಮುಚ್ಚಿರುವ ಟೋಪಿ ಉದ್ದ ಕೊಂಬಿನಂತಿರುವುದರಿಂದ ಮರವನ್ನು ಯೂಕಲಿಪ್ಟಸ್ ಟೆರೆಟಿಕಾರ್ನಿಸ್ ಎಂದುಕೊಂಡಿದ್ದೆ. ಆ ಪ್ರಭೇದದ ಬೀಜ ಕಪ್ಪು, ಇನ್ನೊಂದು ನೀಲಗಿರಿ ಪ್ರಭೇದವಾದ ಕಮಾಲ್ಡುಲೆನ್ಸಿಸ್‌ನದು ಹಳದಿ ಎಂದು ಓದಿದ್ದೇನೆ. ಆದರೆ ಕಾಯಿ ಒಡೆದರೆ ಉದುರುವುದೆಲ್ಲ ಕೆಂಗಂದು ಪುಡಿ. ಎಲ್ಲಿ ತಪ್ಪಿದ್ದೇನೆ?

ಉತ್ತರ:
ತಾವು ನೋಡಿದ್ದು ಬಹುಶಃ ಬೀಜವಲ್ಲ, ಹೊಟ್ಟು. ನೀಲಗಿರಿ ಕಾಯಿಯೊಳಗೆ ಬೀಜವಾಗದೆ ಉಳಿದ ಅಂಡಕಗಳೇ ಹೆಚ್ಚಿದ್ದು, ಗಟ್ಟಿ ಬೀಜ ಬೆರಳೆಣಿಕೆಯಷ್ಟಿರುತ್ತದೆ. ಪುಡಿಯನ್ನು ಬಿಳಿ ಕಾಗದದ ಮೇಲೆ ಹರಡಿ, ಭೂತಗನ್ನಡಿಯಲ್ಲಿ ದಪ್ಪ ಕಾಳುಗಳನ್ನು ಮಾತ್ರ ಆರಿಸಿ ನೋಡಿ.

ಟೋಪಿಯೊಂದನ್ನೇ ನಂಬಬಾರದು. 1795ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಇಟ್ಟ ಟೆರೆಟಿಕಾರ್ನಿಸ್ ಎಂಬ ಹೆಸರಿಗೇ ದುಂಡು ಕೊಂಬು ಎಂದರ್ಥವಾದರೂ, ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಬೆಳೆಯುವ ಕಮಾಲ್ಡುಲೆನ್ಸಿಸ್‌ನ ಸಿಮ್ಯುಲೇಟಾ ಉಪಪ್ರಭೇದಕ್ಕೂ ಅಂಥದೇ ಉದ್ದ ಟೋಪಿಯಿದೆ. ಎರಡು ಪ್ರಭೇದಗಳೂ ನೀಲಗಿರಿ ಕುಲದ ಎಕ್ಸರ್ಟೇರಿಯಾ ವಿಭಾಗಕ್ಕೇ ಸೇರಿದ ಹತ್ತಿರದ ನೆಂಟರು. ಟೆರೆಟಿಕಾರ್ನಿಸ್ ಪಪುವಾ ನ್ಯೂಗಿನಿಯಿಂದ ಆಸ್ಟ್ರೇಲಿಯಾದ ಪೂರ್ವ ಭಾಗದುದ್ದಕ್ಕೂ ವಿಕ್ಟೋರಿಯಾದವರೆಗೆ ಹಬ್ಬಿದ್ದರೆ, ಕಮಾಲ್ಡುಲೆನ್ಸಿಸ್ ಒಳನಾಡಿನ ಹೊಳೆದಂಡೆಗಳ ಮರ. ಎರಡೂ ಸಂಧಿಸುವ ಕಡೆ ತಾವಾಗಿಯೇ ಬೆರೆಯುತ್ತವೆ.

ಪ್ರಶ್ನಿಸಿದವರು:
ಹತ್ತು ಕಾಯಿಗಳ ಪುಡಿ ಆರಿಸಿದೆ. ದಪ್ಪ ಕಾಳುಗಳೆಲ್ಲ ಕಪ್ಪಗಿವೆ. ಹಾಗಾದರೆ ಸಸಿಗಳೇಕೆ ಬೇರೆಬೇರೆ?

ಉತ್ತರ:
ಬೀಜದ ಸಿಪ್ಪೆ ತಾಯಿಮರದ ಅಂಗಾಂಶ. ಪರಾಗ ಎಲ್ಲಿಂದ ಬಂತೆಂಬುದು ಅದರಲ್ಲಿ ಕಾಣುವುದಿಲ್ಲ. ಎಂದರೆ ತಾಯಿ ಬಹುಮಟ್ಟಿಗೆ ಅಗಲ ಎಲೆಯ ಸಸಿ ಕೊಡುವ ಟೆರೆಟಿಕಾರ್ನಿಸ್, ಕಿರಿದೆಲೆಯ ಸಸಿಗಳಿಗೆ ತೋಪಿನ ಇನ್ನಾವುದೋ ಮರದ ಪರಾಗ ತಗುಲಿರಬೇಕು. ತಾಯಿಯಲ್ಲೇ ಹಿಂದಿನ ಬೆರಕೆಯಿದ್ದರೂ ಹೀಗಾಗಬಹುದು. ಟಿಪ್ಪುವಿನ ಕಾಲದಲ್ಲಿ, ಸುಮಾರು 1790ರಲ್ಲಿ, ನಂದಿಬೆಟ್ಟದಲ್ಲಿ ಹಲವು ಪ್ರಭೇದಗಳನ್ನು ಒಟ್ಟಿಗೆ ನೆಟ್ಟರೆಂದೂ ಅಲ್ಲಿಂದಲೇ ‘ಮೈಸೂರು ಗಮ್’ ಎಂಬ ನೀಲಗಿರಿ ಹಬ್ಬಿತೆಂದೂ ಹೇಳುತ್ತಾರೆ. ಅದನ್ನು ನರ್ಸರಿಗಳಲ್ಲಿ ಇಂದಿಗೂ ‘ಹೈಬ್ರಿಡ್’ ಎನ್ನುವುದುಂಟು. ಹೆಚ್ಚಿನ ಪಾಲು ಟೆರೆಟಿಕಾರ್ನಿಸ್ ಆಗಿರುವ ಮರಕ್ಕೆ ಆ ಹೆಸರು ನನಗಂತೂ ಸರಿಕಾಣದು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯು ಟೆರೆಟಿಕಾರ್ನಿಸ್, ಕಮಾಲ್ಡುಲೆನ್ಸಿಸ್‌ಗಳನ್ನೇ ಬೇಕೆಂದು ಕೂಡಿಸಿ ಪಡೆದ ಎಫ್‌ಆರ್‌ಐ-4, ಎಫ್‌ಆರ್‌ಐ-5 ನಿಜವಾದ ಮಿಶ್ರತಳಿಗಳು.

ತಮಗೆ ಒಂದೇ ಬಗೆಯ ಗಿಡ ಬೇಕಿದ್ದರೆ ಬೀಜ ಬಿಟ್ಟು, ಕಡಿದ ಬುಡದಲ್ಲಿ ಚಿಗುರಿದ ಎಳೆ ಕಡ್ಡಿಗಳನ್ನು ಬೇರು ಬಿಡಿಸಿ ನೆಡಿ.