ಖಣದ ರೀಲ್‌ಗೆ ತಲೆಬುರುಡೆ ಹಾಕಿದ್ದಾರೆ, ಬೈದಿದ್ದೋ ಹೊಗಳಿದ್ದೋ?

ದುರ್ಗದಬೈಲ್ ಬಟ್ಟೆ ಅಂಗಡಿ:
ನಮಸ್ಕಾರ್ರೀ. ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇಡುತ್ತೇವೆ. ಶ್ರಾವಣದಲ್ಲಿ ಉಡಿ ತುಂಬೋಕೆ ಖಣ ಜಾಸ್ತಿ ಹೋಗುತ್ತೆ, ಅದಕ್ಕೆ ಮಗಳು ಹಟ ಹಿಡಿದು ಇನ್‌ಸ್ಟಾಗ್ರಾಂ ರೀಲ್ ಮಾಡಿಸಿದಳು. ಖಣ ಬಿಡಿಸಿ ತೋರಿಸುತ್ತಾ, "ಇದರ ಕುಪ್ಪಸ ತೊಟ್ಟು ಹೋದ್ರೆ ಅತ್ತೀನೂ ಎದ್ದು ಕುರ್ಚಿ ಕೊಡ್ತಾಳ ನೋಡ್ರಿ" ಅಂದೆ.

ಕೆಳಗೆ ಹುಡುಗರು ಸಾಲಾಗಿ ತಲೆಬುರುಡೆ ಹಾಕಿದ್ದಾರೆ. ಒಬ್ಬ "ಬೆಂಕಿ ಕಾಕಾ" ಅಂದಿದ್ದಾನೆ. ಬಟ್ಟೆ ವ್ಯಾಪಾರದವನಿಗೆ ಬೆಂಕಿ ಅನ್ನೋದಾ? ಇನ್ನೊಬ್ಬ ಟ್ರೋಲ್ ಪೇಜಿಗೆ ಕಳಿಸ್ತಾನಂತೆ. ಹಬ್ಬದ ಹೊತ್ತಲ್ಲಿ ಬುರುಡೆ ಯಾಕೆ, ತೆಗೀರಿ ಅಂತ ಮನೆಯವರು ಕೂತಿದ್ದಾರೆ. ಏನ್ ಮಾಡ್ಲಿ?

ವಿದ್ಯಾನಗರ ಹಾಸ್ಟೆಲ್:
ಕಾಕಾ, ತೆಗೀಬೇಡ್ರಿ! ತಲೆಬುರುಡೆ ಅಂದರೆ ನಕ್ಕು ನಕ್ಕು ಸತ್ತೆ ಅಂತ. ಮೊದಲು ಅದಕ್ಕೆ ಕಣ್ಣೀರು ಬರೋ ಹಾಗೆ ನಗೋ ಮುಖ ಇತ್ತಲ್ಲ, 2015ರಲ್ಲಿ ಆಕ್ಸ್‌ಫರ್ಡ್ ಡಿಕ್ಷನರಿಯವರು ಅದನ್ನೇ ವರ್ಷದ ಪದ ಅಂತ ಆರಿಸಿದ್ದರು. ಆಮೇಲೆ ಸೋದರಮಾವಂದಿರೆಲ್ಲ ಫ್ಯಾಮಿಲಿ ಗ್ರೂಪಲ್ಲಿ ಅದನ್ನೇ ಒತ್ತೋಕೆ ಶುರು ಮಾಡಿದ್ರು. ನಾವು ಬಿಟ್ವಿ. ಅವರು ಬುರುಡೆ ಹಾಕಿದ ದಿನ ಇದನ್ನೂ ಬಿಡ್ತೀವಿ. ಬೆಂಕಿ ಅಂದರೆ ಸೂಪರ್ ಅಂತ ಅಷ್ಟೇ.

ಸಪ್ತಾಪುರದ ನಿವೃತ್ತ ಮಾಸ್ತರ:
ಮನೆಯವರಿಗೆ ಇದನ್ನು ಹೇಳಿ. ಬ್ರಿಟನ್ ಪ್ರಧಾನಿಯಾಗಿದ್ದ ಡೇವಿಡ್ ಕ್ಯಾಮರಾನ್ ಕೆಲವು ಮೆಸೇಜಿನ ಕೊನೆಗೆ 'ಲೋಲ್' ಅಂತ ಹಾಕುತ್ತಿದ್ದರಂತೆ, ತುಂಬಾ ಪ್ರೀತಿ ಅನ್ನೋ ಅರ್ಥದಲ್ಲಿ! ಅದು ಜೋರಾಗಿ ನಗೋದು ಅಂತ ತಾನೇ ತಿಳಿಸಬೇಕಾಯ್ತು ಎಂದು ಪತ್ರಿಕಾರಂಗದ ರೆಬೆಕಾ ಬ್ರೂಕ್ಸ್ 2012ರಲ್ಲಿ ವಿಚಾರಣೆಯೊಂದರಲ್ಲಿ ಹೇಳಿದರು.

ಮಜಾ ಏನಂದ್ರೆ ಈಗ ಲೋಲ್ ಹಾಕೋರು ನಗೋದೂ ಇಲ್ಲ. "ಊಟ ಆಯ್ತೇನೋ" ಅಂದರೆ ನನ್ನ ಮೊಮ್ಮಗ "ಇಲ್ಲ ಲೋಲ್" ಅಂತಾನೆ. ಊಟ ಆಗದೇ ಇರೋದರಲ್ಲಿ ನಗು ಎಲ್ಲಿಂದ ಬಂತು? ಮಾತು ಒರಟಾಗಿ ಕೇಳಬಾರದು ಅಂತ ಕೊನೆಗೆ ಸುಮ್ನೆ ಹಚ್ಚೋದು, ನಾವು 'ರೀ' ಹಚ್ಚಿದ ಹಾಗೆ.

ಟ್ರೋಲ್ ಕೂಡ ಹಾಗೇ ಮೆತ್ತಗಾಗಿದೆ. 1990ರ ದಶಕದಲ್ಲಿ ಯೂಸ್‌ನೆಟ್ ಅನ್ನೋ ಇಂಟರ್ನೆಟ್ ಚರ್ಚಾ ಗುಂಪುಗಳಲ್ಲಿ ಅದು ಹೊಸಬರನ್ನು ಬೇಕಂತಲೇ ಕೆಣಕಿ ಜಗಳಕ್ಕೆ ಎಳೆಯೋ ಕೆಲಸ. ನಮ್ಮ ಹುಡುಗರಿಗೆ ಕಾಲೆಳೆದರೂ ಟ್ರೋಲ್, ತಮಾಷೆ ಮಾಡಿದರೂ ಟ್ರೋಲ್.

ಬೆಟಗೇರಿ ಮಗ್ಗ:
ಎಲ್ಲರೂ ಹೊಗಳಿಕೆ ಅಂತಾನೇ ಹೇಳ್ತಿದ್ದೀರಿ. ಮಾತಿಗೆ ನಕ್ಕಿದ್ದೋ, ಮನುಷ್ಯನನ್ನ ನೋಡಿ ನಕ್ಕಿದ್ದೋ? ಬುರುಡೆ ಎರಡಕ್ಕೂ ಬರುತ್ತೆ. ರೇಟ್ ಕೇಳಿದ್ದಾರಾ ನೋಡ್ರಿ ಅಣ್ಣಾರ.

ದುರ್ಗದಬೈಲ್ ಬಟ್ಟೆ ಅಂಗಡಿ:
ಕೇಳಿದ್ದಾರ್ರೀ. ಧಾರವಾಡದ ಒಬ್ಬಳು "ನನಗೊಂದು, ನಮ್ಮತ್ತೆಗೊಂದು ಎತ್ತಿಡ್ರಿ" ಅಂತ ಬರೆದಿದ್ದಾಳೆ, ಪಕ್ಕದಲ್ಲಿ ಮೂರು ಬುರುಡೆ. ರೀಲ್ ಇರಲಿ ಬಿಡಿ. ಮಾಸ್ತರ್ರ ಮಾತು ಮನೆಯವರಿಗೆ ಓದಿ ಹೇಳಿದೆ, ಪ್ರಧಾನಿ ಮಾಡಿದ್ದನ್ನ ನೀವ್ಯಾಕೆ ಮಾಡ್ಬೇಕು ಅಂದ್ರು.